ಕಾಲು ನಿಂತ ಜಾಗ

ಬೆಳಗಿನ ಐದೂಮುಕ್ಕಾಲು. ಗಂಗಾವತಿಯಿಂದ ಕಾರಟಗಿ ಕಡೆ ಹೋಗುವ ರಸ್ತೆ ಬಿಟ್ಟು ಒಳಗೆ ಇಳಿದರೆ ಸಿಗುವ ಉಪಕಾಲುವೆಯ ಏರಿಯ ಮೇಲೆ ನಿಂತು ಮಕ್ಬುಲಸಾಬ ಚಪ್ಪಲಿ ಬಿಡುತ್ತಿದ್ದಾರೆ. ಎರಡನ್ನೂ ಒಂದಕ್ಕೊಂದು ಬಡಿದು ಮಣ್ಣು ಉದುರಿಸಿ, ಸುತಳಿಯಿಂದ ಕಟ್ಟಿ, ಹೆಗಲ ಮೇಲಿನ ಸಲಿಕೆಯ ಕಾವಿಗೆ ನೇತುಹಾಕಿಕೊಳ್ಳುತ್ತಾರೆ. ಇನ್ನು ಒಂಬತ್ತು ಕಿಲೋಮೀಟರ್ ಬರಿಗಾಲು. "ನೀವು ಹಾಕ್ಕೊಂಡ ಬರ್ರಿ ಸರ, ಮುಳ್ಳ ಅದಾವು" ಎಂದು, ಅವರ ಬಗ್ಗೆ ಪೇಪರಿಗೆ ಬರೆಯಲು ಬಂದ ನನಗೆ ಹೇಳುತ್ತಾರೆ. ನಾನು ಹೇಗೂ ಚಪ್ಪಲಿ ಬಿಡುವವನಾಗಿರಲಿಲ್ಲ.

ಮಕ್ಬುಲಸಾಬ ಈ ಕಾಲುವೆಯ ಗ್ಯಾಂಗಮನ್. ವಯಸ್ಸು ಐವತ್ತೇಳು, ಕೆಲಸಕ್ಕೆ ಇಪ್ಪತ್ತಾರು ವರ್ಷ. ಬೆಳಿಗ್ಗೆ ಒಂಬತ್ತು ಕಿಲೋಮೀಟರ್ ಕೆಳಗೆ ಹೋಗುವುದು, ಸಂಜೆ ಅಷ್ಟೇ ದೂರ ಮೇಲೆ ಬರುವುದು. ದಾರಿಯಲ್ಲಿ ಹೊಲಗಳಿಗೆ ನೀರು ಬಿಡುವ ಮೂವತ್ತೊಂದು ತೂಬು. ಯಾರ ಹೊಲದ ತೂಬಿಗೆ ಯಾರು ಕಲ್ಲು ತುರುಕಿದ್ದಾರೆ, ಗೇಜಿನ ಕಲ್ಲಿನ ಮೇಲೆ ನೀರು ಎಷ್ಟು ಅಡಿ ಇದೆ, ಏರಿಯಲ್ಲಿ ಎಲ್ಲಾದರೂ ಏಡಿ ಬಿಲ ಮಾಡಿದೆಯೇ, ಹೆಗ್ಗಣ ಕೊರೆದಿದೆಯೇ ಎಂದು ನೋಡುವುದು ಕೆಲಸ. ವರ್ಷದಲ್ಲಿ ಎಂಟು ತಿಂಗಳು ನೀರು ಹರಿಯುತ್ತದೆ. ನಾನು ನಡೆಯುತ್ತಲೇ ಮೊಬೈಲಿನಲ್ಲಿ ಗುಣಿಸಿ, ಈವರೆಗೆ ಲಕ್ಷ ಕಿಲೋಮೀಟರ್ ದಾಟಿದ್ದೀರಿ ಎಂದೆ. "ಹೌದನ್ರಿ? ಎಲ್ಲೀಗೂ ಹೋಗಿಲ್ಲ ನೋಡ್ರಿ ಆದ್ರೂ" ಎಂದು ನಕ್ಕರು.

ಹುಟ್ಟಿದ್ದು ಹುಲಿಹೈದರದಲ್ಲಿ. ಅಲ್ಲಿ ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಇಲ್ಲ. ಹರಿಯುವ ಕಾಲುವೆಯನ್ನು ಅವರು ಮೊದಲು ನೋಡಿದ್ದೇ ಏರಿಗೆ ಮಣ್ಣು ಹೊರುವ ಕೆಲಸಕ್ಕೆ ಇಲ್ಲಿಗೆ ಬಂದಾಗ. "ಇಷ್ಟ ನೀರ ಒಂದ ಕಡೆ ಹೊಂಟಿದ್ದು ನೋಡಿ ನನಗ ಅಂಜಿಕಿ ಬಂತ್ರಿ. ಇಲ್ಲೇ ಹುಟ್ಟಿದವ್ರಿಗೆ ಅದು ಬರೂದಿಲ್ಲ. ಅವ್ರಿಗೆ ನೀರಂದ್ರ ಇದ್ದ ಇರ್ತೈತಿ." ಆ ಅಂಜಿಕೆಯೇ ಕೆಲಸ ಕಲಿಸಿತು ಎನ್ನುತ್ತಾರೆ, ಆಮೇಲೆ ಅದೇ ಕೆಲಸ ಕೆಡಿಸಿದ್ದೂ ಉಂಟು. ಆ ಕಥೆ ಸ್ವಲ್ಪ ತಡೆದು ಹೇಳುತ್ತೇನೆ.

ಈಗ ಅಕ್ಟೋಬರ್. ಮಳೆ ನಿಂತು ಮೂರು ವಾರ. ಎರಡೂ ಕಡೆ ಭತ್ತ ಹೊಡೆಯಲ್ಲಿದೆ, ಅಂದರೆ ತೆನೆ ಇನ್ನೂ ಹೊಟ್ಟೆಯೊಳಗೇ ಇರುವ ಹೊತ್ತು. ಈ ಹತ್ತು ದಿನ ನೀರು ತಪ್ಪಿದರೆ ಕಾಳು ಜೊಳ್ಳು. ಕಾಲುವೆಯ ಕೊನೆಭಾಗದವರಿಗೆ ಸರದಿಯ ನೀರು ಮುಟ್ಟುವುದು ಇವತ್ತು. ಹಾಗಾಗಿ ನೀರು ತುಂಬಿ ಹೊರಟಿದೆ, ಗೇಜಿನಲ್ಲಿ ಮೂರೂವರೆ ಅಡಿ. ಜೋಳದ ರೊಟ್ಟಿಗೂ ಅಕ್ಕಿ ರೊಟ್ಟಿಗೂ ಇರುವ ವ್ಯತ್ಯಾಸದ ಬಗ್ಗೆ ಮಕ್ಬುಲಸಾಬ ದೊಡ್ಡ ಮಾತು ಶುರು ಮಾಡಿದ್ದರು. ನಾಲ್ಕನೇ ಕಿಲೋಮೀಟರಿನ ಕಲ್ಲು ದಾಟಿ, ಸಣ್ಣ ಸೇತುವೆ ದಾಟಿ, ಇನ್ನೂರು ಹೆಜ್ಜೆ ಹೋಗಿರಬೇಕು. ಮಾತು ನಿಂತಿತು. ಹಿಂದಿನಿಂದ ಬರುತ್ತಿದ್ದ ನಾನು ಅವರ ಬೆನ್ನಿಗೆ ಡಿಕ್ಕಿ ಹೊಡೆದೆ.

"ಏನಾತ್ರಿ?"

"ಕಾಲ ನಿಂತ್ವು."

ಇಲ್ಲಿ ಕಾಲುವೆ ನೆಲಕ್ಕಿಂತ ಎತ್ತರದಲ್ಲಿ, ಏರಿಗಳ ನಡುವೆ ಹರಿಯುತ್ತದೆ. ಎಡಕ್ಕೆ ಇಳಿಜಾರಿನ ಬುಡದಲ್ಲಿ ಒಣಹುಲ್ಲಿನ ಪಟ್ಟಿ, ಅದರಾಚೆ ಸುಗ್ಗಿಯವರೆಗೆ ಖಾಲಿ ಬಿದ್ದಿರುವ ಕಣ, ಕಣಕ್ಕೆ ಹೊಂದಿಕೊಂಡೇ ನಲವತ್ತು ಮನೆಗಳ ಕ್ಯಾಂಪು. ಕಾಲುವೆ ಬಂದ ಕಾಲಕ್ಕೆ ಆಂಧ್ರದಿಂದ ಬಂದವರು ಕಟ್ಟಿಕೊಂಡ ಊರುಗಳಿಗೆ ಇಲ್ಲಿ ಕ್ಯಾಂಪು ಎನ್ನುತ್ತಾರೆ. ಮನೆಗಳ ಮಾಳಿಗೆಗಿಂತ ನಮ್ಮ ಪಾದ ಮೇಲಿದೆ. ನೀರಿನ ಮಟ್ಟವೂ.

ನಾನು ಸುತ್ತ ನೋಡಿದೆ. ಬಿರುಕಿಲ್ಲ, ಕುಸಿತವಿಲ್ಲ, ಎಲ್ಲ ಕಡೆ ಇದ್ದ ಹಾಗೆಯೇ ಇದೆ. ಮಕ್ಬುಲಸಾಬ ಇಳಿಜಾರು ಇಳಿದು ಬುಡದ ಹುಲ್ಲನ್ನು ಅಂಗೈಯಿಂದ ಒತ್ತಿ ನೋಡಿದರು. ಕೈ ಒದ್ದೆಯಾಯಿತು. ಆದರೆ ಈ ಹೊತ್ತಿಗೆ ಎಲ್ಲಿ ಮುಟ್ಟಿದರೂ ಇಬ್ಬನಿ, ಒದ್ದೆಯಿಂದ ಏನೂ ತಿಳಿಯುವುದಿಲ್ಲ. ಮೇಲೆ ಬಂದು, ಟವೆಲ್ ಹಾಸಿ ಕೂತು, ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿಕೊಂಡರು. ನನಗೂ ಒಂದು ಲೋಟ ಕೊಟ್ಟರು.

ಇದು ಅವರ ಪದ್ಧತಿ. ಕಾಲು ನಿಂತ ಕಡೆ ಕೂರುವುದು, ಒಂದು ಮುಚ್ಚಳ ಚಹಾ ಮುಗಿಯುವಷ್ಟು ಹೊತ್ತು ಕಾರಣ ಹುಡುಕುವುದು. "ಯಾಕ ನಿಂತ್ವು ಅನ್ನೂದು ಕಾಲಿಗೆ ಗೊತ್ತಿರ್ತೈತಿ, ನನಗ ಗೊತ್ತಿರೂದಿಲ್ಲ. ಅದಕ ಕೇಳ್ತೀನ್ರಿ. ನೀರಾಗ ಏನರ ಬದಲಾಗೇತೇನು? ಮಣ್ಣಾಗ ಬದಲಾಗೇತೇನು? ಇಲ್ಲಾ ನನ್ನಾಗ ಬದಲಾಗೇತೇನು? ಮೂರನೇದ ಭಾಳ ತ್ರಾಸಿನ ಪ್ರಶ್ನೆ. ಅದನ್ನ ಬಿಟ್ರ ಉಳಿದದ್ದೆಲ್ಲ ಹಾಳು."

ಹದಿನಾಲ್ಕು ವರ್ಷದ ಹಿಂದಿನ ಜುಲೈ ತನಕ ಈ ಪದ್ಧತಿ ಇರಲಿಲ್ಲ. ಆ ವರ್ಷದ ಮೊದಲ ನೀರು ಬಿಟ್ಟ ಮೂರನೇ ದಿನ, ಇಲ್ಲಿಂದ ಎರಡು ಕಿಲೋಮೀಟರ್ ಕೆಳಗೆ, ಗೋವಿಂದರಾಜ ಎಂಬ ರೈತನ ಹೊಲದ ಪಕ್ಕದಲ್ಲಿ ಅವರ ಕಾಲು ನಿಂತಿತ್ತು. ಮಕ್ಬುಲಸಾಬ ಆಗ ತಲೆ ಓಡಿಸಿದರು. ಗೇಜು ಸರಿ ಇದೆ. ಏರಿ ಒಣಗಿದೆ. ಬಿರುಕಿಲ್ಲ. ಹೋದ ತಿಂಗಳಷ್ಟೇ ಅಲ್ಲಿ ಮಣ್ಣು ಹಾಕಿದ್ದಾರೆ. ನಾಲ್ಕಕ್ಕೆ ನಾಲ್ಕೂ ಒಳ್ಳೆಯ ಕಾರಣ. "ಫೋನ್ ತಗದಿದ್ದೆ ಸರ. ಯಾಕ ನೀರ ಬಂದ್ ಮಾಡ್ಬೇಕು ಅಂತ ಸಾಹೇಬ್ರ ಕೇಳಿದ್ರ ಏನ್ ಹೇಳ್ಲಿ? ಕಾಲ ನಿಂತ್ವು ಅಂತ ಹೇಳಾಕ ನಾಚಿಕಿ ಬಂತು. ಫೋನ್ ಕಿಸೆದಾಗ ಇಟ್ಟು ಮುಂದ ಹೋದೆ."

ಹತ್ತೂವರೆಗೆ ಏರಿ ಒಡೆಯಿತು. ಕೊಟ್ಟಿಗೆಯಲ್ಲಿದ್ದ ಎರಡು ಎಮ್ಮೆ ಬಿಚ್ಚಲು ಓಡಿದ ಗೋವಿಂದರಾಜನ ಎಡಗಾಲ ಮೇಲೆ ಗೋಡೆ ಬಿತ್ತು. ಎಮ್ಮೆ ಉಳಿಯಲಿಲ್ಲ. ಅವನು ಇವತ್ತಿಗೂ ಕುಂಟುತ್ತಾನೆ.

ಮಕ್ಬುಲಸಾಬರ ಕಾಲು ಅಲ್ಲಿ ನಿಂತಿದ್ದು ಯಾರಿಗೂ ಗೊತ್ತಿರಲಿಲ್ಲ. ಹೇಳದಿದ್ದರೆ ಗೊತ್ತಾಗುತ್ತಲೂ ಇರಲಿಲ್ಲ. ಅವರು ಆಸ್ಪತ್ರೆಗೆ ಹೋಗಿ, ಮಂಚದ ಪಕ್ಕ ನಿಂತು, ತಾವೇ ಗೋವಿಂದರಾಜನಿಗೆ ಹೇಳಿಬಂದರು. ಅವನು ಗೋಡೆ ಕಡೆ ಮುಖ ತಿರುಗಿಸಿಕೊಂಡ. ಎರಡು ವರ್ಷ ಮಾತಿರಲಿಲ್ಲ. ಈಗ ಮಾತಿದೆ, ಹೊಲದ ಮಾತು, ನೀರಿನ ಮಾತು, ಮದುವೆ ಮುಂಜಿಯ ಮಾತು. ಆ ದಿನದ ಮಾತನ್ನು ಮಾತ್ರ ಇಬ್ಬರೂ ಒಮ್ಮೆಯೂ ಎತ್ತಿಲ್ಲ.

ಇಷ್ಟಕ್ಕೇ ನಿಂತಿದ್ದರೆ, ಒಳಮನಸ್ಸಿನ ಮಾತು ಕೇಳಿ ಎಂದು ಬರೆದು ನಾನೂ ಲೇಖನ ಮುಗಿಸಿಬಿಡುತ್ತಿದ್ದೆ. ಮಕ್ಬುಲಸಾಬ ಅಷ್ಟು ಸುಲಭಕ್ಕೆ ಬಿಡುವ ಆಸಾಮಿಯಲ್ಲ. ಮರುವರ್ಷ ಒಂದೇ ತಿಂಗಳಲ್ಲಿ ಮೂರು ಸಲ ಅವರ ಕಾಲು ನಿಂತಿತು. ಮೂರು ಸಲವೂ ಫೋನ್ ಮಾಡಿದರು, ಮೂರು ಸಲವೂ ನೀರು ನಿಲ್ಲಿಸಿದರು, ಮೂರು ಕಡೆಯೂ ಅಗೆದರೆ ಏನೂ ಇಲ್ಲ. ಕೊನೆಭಾಗದ ರೈತರು ಎರಡು ಟ್ರ್ಯಾಕ್ಟರ್ ತುಂಬ ಬಂದು ಮುತ್ತಿಗೆ ಹಾಕಿದರು. ಕನಸಿನ ಸಾಬ ಎಂದು ಹೆಸರಿಟ್ಟರು. "ಅವ್ರದೇನ ತಪ್ಪಿಲ್ರಿ. ಆ ಮೂರು ಸಲ ನಿಂತಿದ್ದು ಕಾಲಲ್ಲ, ಅಂಜಿಕಿ. ಎರಡೂ ಒಂದ ನಮೂನಿ ಬಂದು ನಿಲ್ತಾವು. ಯಾವುದು ಯಾವುದು ಅಂತ ಗುರ್ತ ಹಿಡಿಯೂದು ಹೆಂಗ?"

ದಿನಾ ರಾತ್ರಿ ಇದನ್ನೇ ಕೊರೆಯುವುದು ಕೇಳಿ ಕೇಳಿ ಬೇಸತ್ತ ಹೆಂಡತಿ ಜೈನಾಬೀ, ಮಗಳ ಹಳೇ ಗಣಿತದ ವಹಿಯೊಂದನ್ನು, ಅಂದರೆ ನೋಟುಬುಕ್ಕನ್ನು, ಅವರ ಮುಂದೆ ಎಸೆದರಂತೆ. ಬರೆದಿಡ್ರಿ, ನನ್ನ ತಲಿ ತಿನಬ್ಯಾಡ್ರಿ ಎಂದು. ಅಂದಿನಿಂದ ಕಾಲು ನಿಂತ ಪ್ರತಿ ದಿನದ್ದೂ ಒಂದು ಸಾಲು. ಎಲ್ಲಿ ನಿಂತಿತು, ಏನು ಅನಿಸಿತು, ಆಮೇಲೆ ಏನು ಸಿಕ್ಕಿತು. ನಾಲ್ಕನೇ ತರಗತಿ ಓದಿದವರ ಅಕ್ಷರ, ಒಂದೊಂದೂ ಗುಂಡುಕಲ್ಲಿನಷ್ಟು ದಪ್ಪ. ಈವರೆಗೆ ನೂರ ಹನ್ನೆರಡು ಸಲ ನಿಂತಿದೆ. ಅರವತ್ನಾಲ್ಕು ಸಲ ಕಾಲುವೆಯಲ್ಲೇ ಏನಾದರೊಂದು ಸಿಕ್ಕಿದೆ. ಮೂವತ್ತೊಂಬತ್ತು ಸಲ ಕಾರಣದ ಜಾಗದಲ್ಲಿ 'ನಾನು' ಎಂದಿದೆ. ನಾನು, ಜ್ವರ. ನಾನು, ನಿನ್ನೆ ಹಾವು ಕಂಡಿತ್ತು. ನಾನು, ರೋಜಾ, ಹಸಿವು. ನಾನು, ಜೈನಾಬೀ ಜೋಡಿ ಜಗಳ. ಈ ಕೊನೆಯದೇ ಹದಿನಾಲ್ಕು ಸಲ ಬಂದಿದೆ. ಬರೀ ಹದಿನಾಲ್ಕೇ ಎಂದು ಜೈನಾಬೀ ಅವರನ್ನು ಆಮೇಲೆ ಕೇಳಿದೆ. "ಬರಿಲಾರದ್ದು ಭಾಳ ಅದಾವ್ರಿ" ಎಂದರು.

ಉಳಿದ ಒಂಬತ್ತು ಸಾಲುಗಳಲ್ಲಿ ಕಾರಣದ ಜಾಗ ಖಾಲಿ. ಹಿಂದಿನ ವರ್ಷದ್ದನ್ನು ನೆನೆದು ಬರೆದ ಮೊದಲ ಪುಟದ ಮೊದಲ ಸಾಲೂ ಅವುಗಳಲ್ಲಿ ಒಂದು. ಅಲ್ಲಿ ಗೋವಿಂದರಾಜನ ಹೊಲ ಎಂದಷ್ಟೇ ಇದೆ.

ಮುಚ್ಚಳದ ಚಹಾ ಮುಗಿಯುತ್ತ ಬಂತು. ನೀರು, ಇಲ್ಲ. ಮಣ್ಣು, ಇಲ್ಲ. ನಾನು? ನಿದ್ದೆ ಚೆನ್ನಾಗಿ ಆಗಿದೆ, ಜ್ವರವಿಲ್ಲ, ಜಗಳವಿಲ್ಲ. ಮಕ್ಬುಲಸಾಬ ತಲೆಯೆತ್ತಿ ನನ್ನನ್ನೇ ನೋಡಿದರು. "ಇವತ್ತ ಒಂದ ಹೊಸಾದೈತಿ ಸರ. ನೀವು."

ನನಗೆ ಅರ್ಥವಾಗಲಿಲ್ಲ.

"ನಿನ್ನಿಯಿಂದ ನನಗ ಹುರುಪೈತ್ರಿ. ಪೇಪರ್‌ನಾಗ ಬರ್ತೀನಿ ಅಂತ. ನಿಮಗ ಏನರ ತೋರಿಸ್ಬೇಕು ಅಂತ ಒಳಗ ಆಸೆ ಇರ್ಬೇಕು. ಅದಕ ನಿಂತಿದ್ರೂ ನಿಂತಿರ್ಬಹುದು. ನೀವ ಆ ಸೇತುವಿಗೆ ಹೋಗಿ ಕುಂದರ್ರಿ. ನಾ ಒಬ್ಬಾವ ಮುಂದ ಹೋಗಿ, ಆ ಕಡಿಂದ ತಿರುಗಿ ಬರ್ತೀನಿ."

ವರದಿ ಮಾಡಲು ಬಂದವನನ್ನೇ ಗೇಟಿನಾಚೆ ಹಾಕಿದಂತಾಯಿತು. ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಆದರೆ ತನ್ನ ಹುರುಪನ್ನೇ ಹೀಗೆ ಅನುಮಾನಿಸುವ ಮನುಷ್ಯನನ್ನು ನಾನು ಮೊದಲು ನೋಡಿರಲಿಲ್ಲ, ನನ್ನ ವೃತ್ತಿಯಲ್ಲಂತೂ ಇಲ್ಲವೇ ಇಲ್ಲ. ಸೇತುವೆಯ ಕಟ್ಟೆಯ ಮೇಲೆ ಕೂತೆ. ಬಿಸಿಲು ಬಿತ್ತು. ಕ್ಯಾಂಪಿನಲ್ಲಿ ಯಾರೋ ಪಾತ್ರೆ ತೊಳೆಯುವ ಸದ್ದು. ನಾವು ಬಂದಾಗ ಎದ್ದುಹೋಗಿದ್ದ ಒಂದಷ್ಟು ಬೆಳ್ಳಕ್ಕಿಗಳು ಮತ್ತೆ ಏರಿಯ ಬುಡಕ್ಕೆ ಹಾರಿಬಂದು ಇಳಿದವು, ಹಿಂದೆ ಇಬ್ಬನಿಯ ಮಬ್ಬು, ಮೇಲೆ ಹೊಂಬಿಸಿಲು. ಲೇಖನದ ತಲೆಗೆ ಒಳ್ಳೆಯ ಚಿತ್ರವಾಯಿತು ಎಂದು ಮೊಬೈಲಿನಲ್ಲಿ ನಾಲ್ಕು ಫೋಟೋ ತೆಗೆದೆ.

ಮುಕ್ಕಾಲು ಗಂಟೆಯ ಮೇಲೆ ಮಕ್ಬುಲಸಾಬ ಆ ಕಡೆಯಿಂದ ಬಂದರು. ಅದೇ ಜಾಗಕ್ಕೆ ಬಂದು ನಿಂತರು, ಕೈ ಮಾಡಿ ಕರೆದರು. ನಾನು ಹೋಗುವಷ್ಟರಲ್ಲಿ ಫೋನ್ ಕಿವಿಯ ಹತ್ತಿರವಿತ್ತು. ಆ ಕಡೆ ಇದ್ದವರು ಕಾಲುವೆಯ ಈ ಭಾಗ ನೋಡಿಕೊಳ್ಳುವ ಎಂಜಿನಿಯರ್ ಶಿವಲೀಲಾ, ಇಲ್ಲಿಗೆ ಬಂದು ಎರಡು ವರ್ಷವಾಗಿದೆ. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸಿತು.

"ಮೇಡಮ್ಮಾರ, ನಾಕನೇ ಕಿಲೋಮೀಟರ್ ಮುಂದ, ಕ್ಯಾಂಪಿನ ಹಿಂದ. ನೀರ ಇಳಿಸ್ಬೇಕ್ರಿ."

"ಏನಾಗೇತಿ ಸಾಬರ?"

"ಏನೂ ಕಾಣವಲ್ದು. ಎರಡ ಸಲ ನಿಂತೀನಿ, ಈ ಕಡಿಂದ ಒಮ್ಮೆ, ಆ ಕಡಿಂದ ಒಮ್ಮೆ."

"ಇವತ್ತ ಕೊನೆಭಾಗದವ್ರ ಸರದಿ ಐತಿ. ಗೊತ್ತೈತಲ್ಲ? ಹೊಡೆ ಹಿರಿಯೋ ಟೈಮು. ನಾನೂ ಮೇಲಿನವ್ರಿಗೆ ಉತ್ತರ ಕೊಡ್ಬೇಕು."

"ಗೊತ್ತೈತ್ರಿ. ಸುಳ್ಳಾದ್ರ ಅವ್ರ ಮುಂದ ನಾ ನಿಲ್ತೀನಿ. ಮುಂಚೆ ಒಮ್ಮೆ ನಿಂತೀನಿ. ಕಾರಣ ಸಿಗಲಿಲ್ಲ ಅಂದ್ರ ಕಾರಣ ಇಲ್ಲ ಅಂತಲ್ರಿ ಮೇಡಮ್ಮಾರ. ಕೆಳಗ ನಲವತ್ತ ಮನಿ ಅದಾವು."

"ಅರ್ಧ ಅಡಿ ಇಳಿಸ್ತೀನಿ. ಪೂರ್ತಿ ಬಂದ್ ಮಾಡಾಕ ನನಗ ಏನರ ಬೇಕು. ಹುಡುಕ್ರಿ, ನಾ ಹೊಂಟೀನಿ" ಎಂದು ಶಿವಲೀಲಾ ಫೋನ್ ಇಟ್ಟರು.

ಮತ್ತೆ ಹುಡುಕಾಟ. ನನಗೆ ಮಾಡಲು ಬೇರೆ ಕೆಲಸವಿರಲಿಲ್ಲ. ಅವರನ್ನು ಸ್ವಲ್ಪ ಸಮಾಧಾನ ಮಾಡೋಣ ಎಂದು, ಲೇಖನಕ್ಕೆ ಎಂಥ ಚಿತ್ರ ಸಿಕ್ಕಿದೆ ನೋಡಿ ಎಂದು ಫೋಟೋ ತೋರಿಸಿದೆ. ಅವರು ಮೊಬೈಲನ್ನು ನನ್ನ ಕೈಯಿಂದ ಕಿತ್ತುಕೊಂಡರು.

"ಇವು ಎಲ್ಲಿ ಅದಾವು?"

"ಇಲ್ಲೇ. ಕೆಳಗೆ. ನೀವು ಬರುವಾಗ ಹಾರಿಹೋದವು."

"ಎಷ್ಟ ಅದಾವು?"

ಎಣಿಸಿದೆವು. ಹದಿನೇಳು. ಬೆಳ್ಳಕ್ಕಿಗೆ ಇಲ್ಲಿ ಬರವಿಲ್ಲ, ಗದ್ದೆ ತುಂಬ ಇವೆ. ಆದರೆ ಹದಿನೇಳು ಬೆಳ್ಳಕ್ಕಿ ನೀರಿನ ಗದ್ದೆ ಬಿಟ್ಟು ಒಣಹುಲ್ಲಿನಲ್ಲಿ, ಒಂದು ಜಮಖಾನೆ ಹಾಸುವಷ್ಟು ಜಾಗದಲ್ಲಿ ಯಾಕೆ ಒತ್ತೊತ್ತಾಗಿ ನಿಂತಿವೆ? ಮೂರು ವಾರ ಮಳೆಯಿಲ್ಲದ ನೆಲದಿಂದ ಹುಳ ಮೇಲೆ ಬರುವುದು ಅಡಿಯಲ್ಲಿ ನೀರು ನುಗ್ಗಿದಾಗ ಮಾತ್ರ. ಮಕ್ಬುಲಸಾಬ ಇದನ್ನೆಲ್ಲ ನನಗೆ ಬಿಡಿಸಿ ಹೇಳಿದ್ದು ಸಂಜೆ. ಆಗ ಸಲಿಕೆ ಹಿಡಿದು ಇಳಿಜಾರಿನಲ್ಲಿ ಓಡಿದರು. ಹಕ್ಕಿಗಳು ನಿಂತಿದ್ದ ಜಾಗದಲ್ಲಿ ಸಲಿಕೆ ಊರಿದರೆ ಅದು ಮೊಸರಿಗೆ ಚಮಚೆ ಹಾಕಿದಂತೆ ಇಳಿಯಿತು. ಒಂದು ಗೇಣು ಕೆಳಗಿನಿಂದ ನೀರು ಒಸರಿತು. ತಿಳಿನೀರಾಗಿದ್ದರೆ ಅಷ್ಟು ಭಯವಿಲ್ಲ. ಇದು ಎರೆಮಣ್ಣು ಕಲಸಿಕೊಂಡು ಬರುತ್ತಿತ್ತು, ಅಂದರೆ ಏರಿಯ ಹೊಟ್ಟೆ ಕರಗುತ್ತಿತ್ತು.

ಎರಡನೇ ಫೋನಿಗೆ ಶಿವಲೀಲಾ ಪ್ರಶ್ನೆ ಕೇಳಲಿಲ್ಲ. ಗೇಟು ಪೂರ್ತಿ ಇಳಿಯಿತು. ಹನ್ನೊಂದರ ಹೊತ್ತಿಗೆ ಕಾಲುವೆಯ ನೀರು ಮೊಣಕಾಲಿಗೆ ಬಂದಾಗ ಏರಿಯ ಒಳಮೈಯಲ್ಲಿ ಒಂದು ತೂತಿನ ಬಾಯಿ ಕಾಣಿಸಿತು. ಯಾವ ಕಾಲದಲ್ಲೋ ಯಾರೋ ಕಳ್ಳತನದಲ್ಲಿ ಹೂತು, ಮರೆತು ಬಿಟ್ಟ ಸಿಮೆಂಟ್ ಪೈಪು. ಅದರ ಸುತ್ತ ಏಡಿಗಳು ಮನೆ ಮಾಡಿ, ನೀರು ಆ ಮನೆಯನ್ನು ದೊಡ್ಡದು ಮಾಡಿತ್ತು. ಮಕ್ಬುಲಸಾಬ ತೋಳು ಹಾಕಿದರು, ಬಗಲಿನ ತನಕ ಹೋಯಿತು. ಕ್ಯಾಂಪಿನಿಂದ ಗಂಡಸರು ಹೆಂಗಸರು ಮೂವತ್ತು ಮಂದಿ ಬಂದರು. ಉಸುಕಿನ ಚೀಲ, ಜೇಡಿಮಣ್ಣು, ಸಂಜೆ ಐದರ ತನಕ ತುಳಿದದ್ದೇ ತುಳಿದದ್ದು. ಕೊನೆಭಾಗದವರಿಗೆ ಒಂದು ದಿನದ ಸರದಿ ಮುಂದೆ ಹೆಚ್ಚಿಸಿ ಕೊಡಲು ಶಿವಲೀಲಾ ಏರಿಯ ಮೇಲೆ ನಿಂತೇ ಫೋನಿನಲ್ಲಿ ಮೇಲಿನವರನ್ನು ಒಪ್ಪಿಸಿದರು. ಹೊರಡುವ ಮುಂಚೆ ನನ್ನ ಹತ್ತಿರ ಬಂದು, "ಬೆಳಿಗ್ಗಿ ಅರ್ಧ ಅಡಿ ಇಳಿಸಿದಾಗ ನನ್ನ ಹತ್ರನೂ ಕಾರಣ ಇರ್ಲಿಲ್ರಿ. ಅವ್ರ ವಹಿಯಾಗ ಮೂವತ್ತೊಂಬತ್ತ ಸಲ ನಂದ ತಪ್ಪು ಅಂತ ಬರದಾರಲ್ಲ, ಅದಕ ನಂಬಿದೆ" ಎಂದರು.

ಸಂಜೆ ಮಕ್ಬುಲಸಾಬರ ಮನೆ. ಜೈನಾಬೀ ಬಿಸಿನೀರಿನಲ್ಲಿ ಅರಿಸಿನ ಹಾಕಿ ಕೊಟ್ಟಿದ್ದಾರೆ, ತೋಳಿಗೆ ಏಡಿ ಕಚ್ಚಿದ ಗಾಯ. ಅವರು ಒಂದು ಕೈ ಬೋಗುಣಿಯಲ್ಲಿಟ್ಟು ಇನ್ನೊಂದರಲ್ಲಿ ವಹಿ ತೆರೆದು ನೂರ ಹದಿಮೂರನೇ ಸಾಲು ಬರೆದರು. ಕ್ಯಾಂಪಿನ ಹಿಂದೆ. ಒಣಹುಲ್ಲಿನಾಗ ಬೆಳ್ಳಕ್ಕಿ. ಕಣ್ಣಂಚಿನಲ್ಲಿ ಕಂಡಿದ್ದನ್ನು ಕಾಲು ಹಿಡಿದಿತ್ತು, ಮನಸ್ಸಿಗೆ ಮುಟ್ಟಿರಲಿಲ್ಲ. ಬರೆದು ಮುಗಿಸಿದವರು ವಹಿ ಮುಚ್ಚಲಿಲ್ಲ. ಪುಟ ಹಿಂದಕ್ಕೆ ತಿರುಗಿಸುತ್ತ ಹೋಗಿ ಮೊದಲ ಪುಟಕ್ಕೆ ನಿಂತರು.

"ಅವತ್ತೂ ಇದ್ವು ಅನಸ್ತೈತಿ" ಎಂದರು. ಪೆನ್ನು ಖಾಲಿ ಜಾಗದ ಹತ್ತಿರ ಹೋಯಿತು, ನಿಂತಿತು. "ಇಲ್ರಿ. ಇವತ್ತ ನೋಡಿದ್ದಕ್ಕ ಅವತ್ತೂ ನೋಡಿದಂಗ ಅನಿಸ್ತಿರ್ಬಹುದು. ಮನಸ್ಸು ಭಾಳ ಕಳ್ಳ ಐತಿ."

"ಹಂಗಾದ್ರ ಕೇಳ್ರಿ" ಎಂದರು ಜೈನಾಬೀ. ಯಾರನ್ನು ಎಂದು ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ.

ಮಕ್ಬುಲಸಾಬ ಫೋನನ್ನು ಮೂರು ಸಲ ಎತ್ತಿ ಮೂರು ಸಲ ಇಟ್ಟರು. ನಾಲ್ಕನೇ ಸಲ ಒತ್ತಿ, ಸ್ಪೀಕರ್ ಹಾಕಿ ಚಾಪೆಯ ಮೇಲಿಟ್ಟರು.

"ಗೋವಿಂದರಾಜ, ಒಂದ ಮಾತ ಕೇಳ್ತೀನಿ. ಏರಿ ಒಡೆದ ದಿನದ್ದು. ಅವತ್ತ ಮುಂಜಾನಿ ನಿನ್ನ ಹೊಲದಾಗ ಏನರ ಕಂಡಿತ್ತೇನು? ನಾ ಏನೂ ಹೇಳಿ ಕೊಡೂದಿಲ್ಲ. ನೀನ ನೆನಪ ಮಾಡ್ಕೊಂಡ ಹೇಳು."

ಗೋವಿಂದರಾಜನ ದನಿ ಬಂತು. "ಹಕ್ಕಿ ಇದ್ವು ಸಾಬಣ್ಣ. ಬೆಳ್ಳಗಿನವು. ಕೊಟ್ಟಿಗೆ ಹಿಂದೆ. ಇನ್ನೂ ನಾಟಿ ಇಲ್ಲ, ಒಣ ಹೊಲ, ಇವಕ್ಕೆ ಇಲ್ಲೇನು ಸಿಗತೈತಿ ಅಂತ ಚಹಾ ಕುಡೀತಾ ನಿಂತು ನೋಡಿದ್ದೆ. ಯಾಕೆ?"

"ಇವತ್ತ ಕ್ಯಾಂಪಿನ ಹಿಂದ ಇದ್ವು."

ಕ್ಯಾಂಪಿನ ಸುದ್ದಿ ಅವನಿಗೆ ಆಗಲೇ ಮುಟ್ಟಿತ್ತು. "ಹಂಗಾದ್ರೆ ನಾನೂ ನೋಡಿದ್ದೆ, ನೀನೂ ನೋಡಿದ್ದಿ" ಎಂದ ಗೋವಿಂದರಾಜ. "ಇಬ್ಬರಿಗೂ ಗೊತ್ತಾಗ್ಲಿಲ್ಲ, ಬಿಡು. ಊಟ ಮಾಡು."

ಫೋನ್ ಆರಿದ ಮೇಲೂ ಮಕ್ಬುಲಸಾಬ ಅದನ್ನೇ ನೋಡುತ್ತ ಕೂತಿದ್ದರು. ಕಣ್ಣು ಒರೆಸಿಕೊಳ್ಳಲು ಎತ್ತಿದ ಕೈಯಲ್ಲಿ ಅರಿಸಿನವಿತ್ತು, ಜೈನಾಬೀ ತಮ್ಮ ಸೆರಗು ಕೊಟ್ಟರು. ನಾನು ಕೊನೆಗೆ ಕೇಳಬೇಕಾದ ಪ್ರಶ್ನೆ ಕೇಳಿದೆ, ನಿಮ್ಮದೇನಾದರೂ ಆಸೆ ಇದೆಯೇ ಎಂದು. "ಮೂರು ವರ್ಷಕ್ಕ ನಾ ಬಿಡ್ತೀನ್ರಿ. ನನ್ನ ಹಿಂದ ಬರಾವ್ರಿಗೆ ಕಾಲ ಬಿಚ್ಚಿ ಕೊಡಾಕ ಬರೂದಿಲ್ಲ. ಈ ವಹಿ ಕೊಡ್ತೀನಿ. ಈ ಮೊದಲಿನದ ಬಿಟ್ರ ಇನ್ನೂ ಎಂಟ ಸಾಲ ಖಾಲಿ ಅದಾವು, ಅಷ್ಟ್ರಾಗ ಅವಕ್ಕೂ ಕಾರಣ ಸಿಕ್ರ ಛಲೋ."

ಆಮೇಲೆ ಮೊದಲ ಪುಟದ ಮೊದಲ ಸಾಲಿನಲ್ಲಿ, ಇಷ್ಟು ವರ್ಷ ಖಾಲಿ ಬಿಟ್ಟಿದ್ದ ಜಾಗದಲ್ಲಿ, ಬೆಳ್ಳಕ್ಕಿ ಎಂದು ಬರೆದರು. ಬರೆದದ್ದನ್ನು ಒಮ್ಮೆ ಓದಿ, ವಹಿಯನ್ನು ನನ್ನ ಕಡೆ ತಿರುಗಿಸಿದರು.

"ಇದೊಂದಕ್ಕ ಇನ್ನ ನನ್ನ ಕಾಲ ಬೇಕಾಗಿಲ್ರಿ" ಎಂದರು.